ಗೋವೆಯಿಂದ ಬಂದ ಎರಡು ಸಮುದಾಯಗಳೂ ಹುಟ್ಟುಗುಣವೆಂಬ ವಾದವೂ

ದಕ್ಷಿಣ ಕನ್ನಡದ ವಿದ್ಯಾವಂತರ ಮನೆಗಳಲ್ಲಿ ನಾಲ್ವರು ಸೇರಿ ಊಟ ಮುಗಿಸಿ ಎಲೆಯಡಿಕೆಯ ತಟ್ಟೆಯ ಸುತ್ತ ಕುಳಿತರೆಂದರೆ, ಜನಾಂಗಗಳ ಗುಣದೋಷಗಳ ವಿಚಾರವು ತಾನಾಗಿಯೇ ಆರಂಭವಾಗುವುದುಂಟು. ಆಗ ತಪ್ಪದೆ ಕೇಳಿಬರುವ ಮಾತೊಂದಿದೆ. ಗೋವೆಯಿಂದ ಬಂದ ಕೊಂಕಣಿಗರಲ್ಲಿ ಗೌಡ ಸಾರಸ್ವತರು ಹುಟ್ಟು ವ್ಯಾಪಾರಿಗಳು. ತಕ್ಕಡಿಯೂ ಲೆಕ್ಕದ ವಹಿಯೂ ಅವರಿಗೆ ರಕ್ತದಲ್ಲಿಯೇ ಬಂದಿವೆ. ಆದುದರಿಂದಲೇ ಅವರು ಪೇಟೆಯ ಧನಿಗಳಾದರು. ಅದೇ ಗೋವೆಯಿಂದ ಬಂದ ಕ್ರೈಸ್ತರು ಹುಟ್ಟು ಒಕ್ಕಲುಗಳು; ಪಾದ್ರಿಗಳು ಶಾಲೆ ತೆರೆದು ಕೈಹಿಡಿದು ಎತ್ತದೆ ಇದ್ದಿದ್ದರೆ ಅವರು ಇಂದಿಗೂ ಗುಡ್ಡದ ಬದಿಯಲ್ಲಿಯೇ ಉಳಿಯುತ್ತಿದ್ದರು. ಹೀಗೆಂದು ಒಬ್ಬರು ಹೇಳುವರು, ಉಳಿದವರು ತಲೆದೂಗುವರು. ಕೆಲವೊಮ್ಮೆ ಈ ಎರಡು ಸಮುದಾಯಗಳಿಗೆ ಸೇರಿದವರೇ ಈ ಮಾತನ್ನು ಹೆಮ್ಮೆಯಿಂದಲೋ ಅಳುಕಿನಿಂದಲೋ ಒಪ್ಪಿಕೊಳ್ಳುವುದೂ ಉಂಟು.

ಈ ಮಾತು ಸುಳ್ಳು. ಅದು ಸುಳ್ಳಾಗಿರುವುದಲ್ಲದೆ ಅಪಾಯಕರವೂ ಆಗಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ಸೀಮೆಗಳಲ್ಲಿ ಈ ಎರಡು ಸಮುದಾಯಗಳು ಹೇಗೆ ನೆಲೆಸಿದುವು, ಯಾವುದನ್ನು ಹೊತ್ತು ತಂದುವು, ಯಾವುದನ್ನು ಕಳೆದುಕೊಂಡುವು, ಏನನ್ನು ಕಟ್ಟಿದುವು ಎಂಬುದನ್ನು ಸಾವಧಾನವಾಗಿ ನೋಡಿದವರಿಗೆ ಹುಟ್ಟುಗುಣವೆಂಬುದು ಎಲ್ಲಿಯೂ ಕಾಣಿಸದು. ಕಾಣಿಸುವುದು ಬಂಡವಾಳ, ಭೂಮಿಯ ಹಕ್ಕು, ಸಾಲ ಹುಟ್ಟುವ ಸ್ಥಳ, ಶಾಲೆ, ಮತ್ತು ಒಂದು ಸಲ ಬಂದೆರಗಿದ ಮಹಾ ವಿಪತ್ತು. ಇವುಗಳ ಲೆಕ್ಕವನ್ನು ಬಿಟ್ಟು ರಕ್ತದ ಲೆಕ್ಕವನ್ನು ಹೇಳುವವರು ಇತಿಹಾಸವನ್ನು ಓದಲಿಲ್ಲವೆಂದೇ ಹೇಳಬೇಕಾಗುತ್ತದೆ.

ಮೊದಲಿಗೆ ಮೂಲವನ್ನು ನೋಡೋಣವಾಗಲಿ. 1510ರಲ್ಲಿ ಪೋರ್ತುಗೀಸರು ಗೋವೆಯನ್ನು ಗೆದ್ದರು. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನವು ನೆಲೆಗೊಂಡಿತು. 1566-67ರ ಸುಮಾರಿಗೆ ಸಾಷ್ಟಿಯ ದೇವಾಲಯಗಳು ನೆಲಸಮವಾದುವು. ಮತಾಂತರಕ್ಕೆ ಒಪ್ಪದ ಸಾರಸ್ವತ ಮನೆತನಗಳು ದೇವರ ವಿಗ್ರಹಗಳನ್ನು ಹೊತ್ತು ಜುವಾರಿಯನ್ನು ದಾಟಿದುವು. ಕೆಲವು ಹತ್ತಿರದ ಅಂತ್ರೂಜಿನಲ್ಲಿ ನಿಂತವು, ಕೆಲವು ಕಡಲ ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ಹೊನ್ನಾವರ, ಭಟ್ಕಳ, ಮಂಗಳೂರು, ಕೊಚ್ಚಿಗಳವರೆಗೆ ಹೋದುವು. ಇದು ಎಲ್ಲರೂ ಬಲ್ಲ ಕಥೆ.

ಎಲ್ಲರೂ ಅರಿಯದ ಕಥೆಯೊಂದಿದೆ. ಮತಾಂತರ ಹೊಂದಿದವರಿಗೂ ಅಲ್ಲಿ ನೆಮ್ಮದಿಯಿರಲಿಲ್ಲ. ಹೊಸ ಕ್ರೈಸ್ತನು ಮನೆಯಲ್ಲಿ ತುಳಸಿಯನ್ನು ನೆಟ್ಟನೆ, ಮದುವೆಯಲ್ಲಿ ಹಳೆಯ ಕೊಂಕಣಿ ಹಾಡುಗಳನ್ನು ಹಾಡಿಸಿದನೆ, ಧೋತರವನ್ನು ಉಟ್ಟನೆ ಎಂದು ಆ ನ್ಯಾಯಸ್ಥಾನವು ಕಣ್ಣಿಟ್ಟು ಕಾಯುತ್ತಿತ್ತು. 1684ರಲ್ಲಿ ಕೊಂಕಣಿ ಭಾಷೆಯನ್ನೇ ಬಿಡಬೇಕೆಂಬ ಆಜ್ಞೆಯು ಹೊರಟಿತು. 1736ರ ಆಜ್ಞೆಯು ಮನೆಯೊಳಗಿನ ನಡೆನುಡಿಗಳನ್ನೂ ಉಡಿಗೆತೊಡಿಗೆಗಳನ್ನೂ ನಿಷೇಧಿಸಿತು. ಇದಕ್ಕೆ ಬರಗಾಲಗಳೂ, ತೆರಿಗೆಗಳೂ, 1683ರಲ್ಲಿ ಮತ್ತು 1739ರಲ್ಲಿ ನಡೆದ ಮರಾಠರ ದಾಳಿಗಳೂ ಸೇರಿದುವು. ಆಗ ಕ್ರೈಸ್ತರೂ ಅದೇ ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ನಡೆದರು. ಹಾಗೆ ಬಂದವರಲ್ಲಿ ಅನೇಕರು ತಮ್ಮ ಹಿಂದಿನ ಮನೆತನದ ಹೆಸರುಗಳಾದ ಪ್ರಭು, ಕಾಮತ, ಪೈ, ಶೇಟ್, ನಾಯಕ ಎಂಬವನ್ನು ಮರೆಯಲಿಲ್ಲ. ಒಂದೇ ಊರು, ಒಂದೇ ಭಾಷೆ, ಎಷ್ಟೋ ವೇಳೆ ಒಂದೇ ಮನೆತನ. ಅಣ್ಣನು ದೇವರನ್ನು ಹೊತ್ತು ಮುಂದೆ ಬಂದನು, ತಮ್ಮನು ಶಿಲುಬೆಯನ್ನು ಹೊತ್ತು ನೂರು ವರುಷಗಳ ಬಳಿಕ ಬಂದನು ಎಂದರೆ ಹೆಚ್ಚಿನ ಅತಿಶಯೋಕ್ತಿಯಾಗದು. ಹಾಗಿರುವಾಗ ಅಣ್ಣನ ರಕ್ತದಲ್ಲಿ ತಕ್ಕಡಿಯೂ ತಮ್ಮನ ರಕ್ತದಲ್ಲಿ ನೇಗಿಲೂ ಇರುವುದು ಹೇಗೆ? ಹುಟ್ಟುಗುಣವಾದಿಗಳು ಈ ಒಂದು ಪ್ರಶ್ನೆಗೆ ಉತ್ತರ ಹೇಳಿದರೆ ಸಾಕು.

ಅವರು ಹೇಳದ ಉತ್ತರವು ಬಂಟ್ವಾಳದ ಹಳೆಯ ಪೇಟೆಯಲ್ಲಿದೆ. ಮಂಗಳೂರು ಬಂದರದಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ, ನೇತ್ರಾವತಿಯ ದಡದಲ್ಲಿರುವ ಈ ಪೇಟೆಯು ದೋಣಿಗೂ ಎತ್ತಿಗೂ ನಡುವಣ ಕೊಂಡಿಯಾಗಿತ್ತು. ಘಟ್ಟದ ಮೇಲಿನ ಸರಕು ಚಾರ್ಮಾಡಿ, ಶಿರಾಡಿಗಳ ದಾರಿಯಾಗಿ ಎತ್ತಿನ ಬೆನ್ನಿನ ಮೇಲೆ ಇಳಿದು ಇಲ್ಲಿ ದೋಣಿಗೆ ಏರುತ್ತಿತ್ತು. ಕಡಲಿನಿಂದ ಬಂದ ಉಪ್ಪು, ಬಟ್ಟೆ, ಒಣಮೀನುಗಳು ಇಲ್ಲಿ ದೋಣಿಯಿಂದ ಇಳಿದು ಘಟ್ಟವೇರುತ್ತಿದ್ದುವು. ಇಂಥ ಸ್ಥಳದಲ್ಲಿ ಲಾಭವು ಯಾರಿಗೆ? ಮಂಗಳೂರಿನಲ್ಲಿ ಒಬ್ಬ ಬಂಧು, ಕೊಚ್ಚಿಯಲ್ಲಿ ಒಬ್ಬ ಬಂಧು, ಭಟ್ಕಳದಲ್ಲಿ ಒಬ್ಬ ಬಂಧು ಇರುವವನಿಗೆ. ಒಂದು ಚೀಟಿ ಬರೆದರೆ ಅಲ್ಲಿ ಹಣ ಸಿಕ್ಕುವವನಿಗೆ. ಗೌಡ ಸಾರಸ್ವತರು ಒಟ್ಟಾಗಿ ಬಂದರು, ತಮ್ಮ ಪುರೋಹಿತರೊಡನೆ, ಗುರುಮಠದೊಡನೆ, ಕಡಲಂಚಿನ ಪೇಟೆಪೇಟೆಗಳಲ್ಲಿ ಚದುರಿದ ನಂಟರೊಡನೆ ಬಂದರು. ಬಂಟ್ವಾಳದಲ್ಲಿಯೂ ಮೂಡಬಿದಿರೆಯಲ್ಲಿಯೂ ವೆಂಕಟರಮಣ ದೇವಸ್ಥಾನಗಳನ್ನು ಕಟ್ಟಿದರು. ದೇವಸ್ಥಾನದ ಹತ್ತು ಸಮಸ್ತರೆಂಬ ಸಭೆಯು ಪೂಜೆ ಉತ್ಸವಗಳನ್ನು ಮಾತ್ರವಲ್ಲದೆ, ವ್ಯಾಜ್ಯವನ್ನೂ, ವಿಶ್ವಾಸವನ್ನೂ, ನಾಚಿಕೆಯನ್ನೂ ಆಳುತ್ತಿತ್ತು. ಸಾಲ ತೆಗೆದವನು ತೀರಿಸದೆ ಹೋದರೆ ದೇವರ ಎದುರಿಗೆ ಮುಖ ತೋರಿಸಲಾಗದು. ಇದಕ್ಕಿಂತ ದೊಡ್ಡ ಜಾಮೀನು ಯಾವ ವ್ಯಾಪಾರಕ್ಕೆ ಬೇಕು? ಮೂಡಬಿದಿರೆಯು ಆಗಲೇ ಜೈನ ಶ್ರೀಮಂತರ ಪೇಟೆಯಾಗಿತ್ತು. 1430ರ ಸಾವಿರ ಕಂಬದ ಬಸದಿಯೇ ಆ ಸಿರಿಗೆ ಸಾಕ್ಷಿ. ಕೊಳ್ಳುವವರು ಇದ್ದಲ್ಲಿ ಮಾರುವವನು ಬದುಕುತ್ತಾನೆ. ಇದರಲ್ಲಿ ಜಾಣತನವಿಲ್ಲವೆಂದಲ್ಲ. ಆದರೆ ಆ ಜಾಣತನಕ್ಕೆ ನೆಲೆಯಿತ್ತು, ನಂಟಿತ್ತು, ನಾಣ್ಯವಿತ್ತು.

ಕ್ರೈಸ್ತರು ಬಂದಾಗ ಪೇಟೆಯ ಸಾಲುಗಳು ತುಂಬಿದ್ದುವು. ಅವರಿಗೆ ದೊರೆತುದು ಬೇರೆ ಬಾಗಿಲು. ಗೋವೆಯು ಕನ್ನಡ ಕರಾವಳಿಯ ಅಕ್ಕಿಯನ್ನು ಉಂಡು ಬದುಕುತ್ತಿದ್ದ ಕಾಲವದು. ಇಕ್ಕೇರಿಯ ಅರಸರಿಗೆ ಅಕ್ಕಿ ಬೆಳೆಯುವ ಕೈಗಳು ಬೇಕಾಗಿದ್ದುವು. ಪಾಳುಬಿದ್ದ ಭೂಮಿಯನ್ನು ಹಸನು ಮಾಡುವ ಒಕ್ಕಲುಗಳಿಗೆ ಆ ರಾಜ್ಯದಲ್ಲಿ ಸ್ವಾಗತವಿತ್ತು, ಇಗರ್ಜಿ ಕಟ್ಟಲು ಅನುಮತಿಯೂ ಇತ್ತು. ತುಳುನಾಡಿನ ಗದ್ದೆಗಳಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಅಂತಸ್ತುಗಳಿರುವುದನ್ನು ವಾಚಕರು ಬಲ್ಲರು. ಬೈಲಿನಲ್ಲಿ ನೀರು ನಿಲ್ಲುತ್ತದೆ, ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿಗೂ ಆಸೆಯುಂಟು; ಬೆಟ್ಟುಗದ್ದೆಯು ಮಳೆಯನ್ನೇ ನಂಬಿದ ಒಂದು ಬೆಳೆಯ ನೆಲ. ಮೊದಲು ಬಂದ ಮತ್ತು ಮೊದಲೇ ಇದ್ದ ಮನೆತನಗಳ ಕೈಯಲ್ಲಿ ಬೈಲು ಇತ್ತು. ತಡವಾಗಿ ಬಂದವನ ಪಾಲಿಗೆ ಸಾಮಾನ್ಯವಾಗಿ ಬಂದುದು ಬೆಟ್ಟು. ಅದನ್ನು ಕಡಿದು, ಅಗಳು ತೋಡಿ, ಗೊಬ್ಬರ ಹೊತ್ತು ಮಜಲಾಗಿ ಮಾಡಿದವನು ಒಕ್ಕಲು. ಇವನನ್ನು ಹುಟ್ಟು ಒಕ್ಕಲು ಎನ್ನುವುದು, ಬಾವಿಯಲ್ಲಿ ಬಿದ್ದು ಈಜಿ ಮೇಲೆ ಬಂದವನನ್ನು ಹುಟ್ಟು ಮೀನು ಎಂದಂತೆ.

ಆದರೂ ಕ್ರೈಸ್ತರು ಪೇಟೆ ಕಟ್ಟಲೇ ಇಲ್ಲವೆಂದು ಹೇಳುವುದು ಸರಿಯಲ್ಲ. ಬಂಟ್ವಾಳಕ್ಕೂ ಮಂಗಳೂರಿಗೂ ನಡುವೆ, ಅದೇ ನೇತ್ರಾವತಿಯ ದಡದಲ್ಲಿ, ಫರಂಗಿಪೇಟೆಯೆಂಬ ಊರಿದೆ. ಇಕ್ಕೇರಿಯ ಅರಸರ ಆಶ್ರಯದಲ್ಲಿ ಕೊಂಕಣಿ ಕ್ರೈಸ್ತರು ನೆಲೆಸಿದ ಪೇಟೆಯದು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಈ ದಾರಿಯಾಗಿ ಹೋದಾಗ ಅಲ್ಲಿ ಉಳಿದಿದ್ದುದು ಇಗರ್ಜಿಯ ಅವಶೇಷ ಮಾತ್ರ. ಆ ನಡುವೆ ನಡೆದುದು ಏನು?

ನಡೆದುದು 1784. ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಕ್ರೈಸ್ತರು ಶತ್ರುಗಳಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪೂ ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಘಟ್ಟವೇರಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ಹಿಡಿಯಲ್ಪಟ್ಟವರ ಸಂಖ್ಯೆಯನ್ನು ಒಬ್ಬರು 30 ಸಾವಿರವೆಂದೂ ಮತ್ತೊಬ್ಬರು 60 ಸಾವಿರವೆಂದೂ ಹೇಳುವರು, ಲೆಕ್ಕವು ವಿವಾದಗ್ರಸ್ತವಾದುದು. ಆದರೆ ಸಮುದಾಯದ ಬಹುಪಾಲು ಊರು ಬಿಟ್ಟಿತೆಂಬುದರಲ್ಲಿಯೂ, ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹು ಮಂದಿ ಸತ್ತರೆಂಬುದರಲ್ಲಿಯೂ, ಇಗರ್ಜಿಗಳು ಕೆಡವಲ್ಪಟ್ಟುವೆಂಬುದರಲ್ಲಿಯೂ ವಿವಾದವಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಮರಳಿ ಬಂದರು. ಹದಿನೈದು ವರುಷಗಳ ಬಳಿಕ ಬಂದವನಿಗೆ ತನ್ನ ಗದ್ದೆಯಲ್ಲಿ ಮತ್ತೊಬ್ಬನು ಉಳುತ್ತಿರುವುದು ಕಂಡಿತು. ಅಪ್ಪ ಅಜ್ಜಂದಿರು ಗಳಿಸಿದ ಭೂಮಿ ಹೋಯಿತು, ಎತ್ತು ಹೋಯಿತು, ಕಾಗದಪತ್ರ ಹೋಯಿತು. ಎರಡು ನೂರು ವರುಷಗಳ ಸಂಪಾದನೆಯನ್ನು ಒಮ್ಮೆಗೇ ಒರಸಿಹಾಕಿ ಮೊದಲಿನಿಂದ ಆರಂಭಿಸಿದ ಸಮುದಾಯವನ್ನು, ಆ ಕಾಲದಲ್ಲಿ ಯುದ್ಧದ ಕಷ್ಟಗಳನ್ನು ಪಟ್ಟರೂ ಊರನ್ನೂ ದೇವಸ್ಥಾನವನ್ನೂ ವಹಿಯನ್ನೂ ಉಳಿಸಿಕೊಂಡ ಸಮುದಾಯದೊಡನೆ ತಕ್ಕಡಿಯಲ್ಲಿಟ್ಟು, ಇದು ಹಗುರ, ಅದು ಭಾರ ಎಂದು ತೀರ್ಪು ಕೊಡುವವರ ನ್ಯಾಯಬುದ್ಧಿಯನ್ನು ಏನೆನ್ನಬೇಕು? ಈ ಮಾತನ್ನು ಹೇಳುವುದು ಯಾವ ಮತದವರ ಮೇಲೂ ಇಂದು ಹಗೆ ಸಾಧಿಸುವುದಕ್ಕಲ್ಲ. ಲೆಕ್ಕವನ್ನು ಸರಿಯಾಗಿ ಬರೆಯುವುದಕ್ಕೆ ಮಾತ್ರ.

ಮರಳಿ ಬಂದವನು ಗೇಣಿಗೆ ನಿಂತನು. ಮೂಲಗೇಣಿ ದೊರೆತವನು ಅದೃಷ್ಟವಂತ. ಅವನ ಗೇಣಿ ನಿಶ್ಚಿತ, ಹಕ್ಕು ಶಾಶ್ವತ. ಚಾಲಗೇಣಿಯವನನ್ನು ಧನಿಯು ಬೇಕೆಂದಾಗ ಎಬ್ಬಿಸಬಹುದಾಗಿತ್ತು. ಆದುದರಿಂದ ಚಾಲಗೇಣಿಯ ಒಕ್ಕಲು ತೆಂಗಿನ ಸಸಿಯನ್ನು ನೆಡಲು ಹಿಂಜರಿಯುತ್ತಿದ್ದನು. ಅದು ಫಲ ಕೊಡುವ ಹೊತ್ತಿಗೆ ಆ ಹಿತ್ತಿಲಲ್ಲಿ ತಾನಿರುವೆನೆಂಬ ಭರವಸೆ ಅವನಿಗಿರಲಿಲ್ಲ. ಇದನ್ನು ಸೋಮಾರಿತನವೆಂದು ಬರೆದವರುಂಟು. ಸುಗ್ಗಿಯಾದೊಡನೆ ಅಕ್ಕಿಮುಡಿಗಳನ್ನು ಧನಿಯ ಅಂಗಳಕ್ಕೆ ಹೊತ್ತುಹಾಕಿ, ಉಳಿದುದರಲ್ಲಿ ಆಟಿ ತಿಂಗಳವರೆಗೆ ಊಟ ಸಾಗಿಸಬೇಕು. ಆಟಿಯಲ್ಲಿ ಅಕ್ಕಿ ಮುಗಿಯುತ್ತದೆ. ಆಗ ಒಕ್ಕಲು ಎಲ್ಲಿಗೆ ಹೋಗುವನು? ಪೇಟೆಯ ಅಂಗಡಿಗೆ. ಅಲ್ಲಿ ವಹಿ ತೆರೆಯುತ್ತದೆ, ಹೆಸರು ಏರುತ್ತದೆ. ಬಂಟ್ವಾಳದ ಪೇಟೆಗೂ, ಹೆಸರಿನಲ್ಲಿಯೇ ಅಂಗಡಿಯನ್ನು ಧರಿಸಿರುವ ಬೆಳ್ತಂಗಡಿಗೂ, ಸುತ್ತಲಿನ ಬೆಟ್ಟುಗದ್ದೆಗಳಿಗೂ ಇದ್ದ ಸಂಬಂಧ ಇದು. ಗೋವೆಯಿಂದ ಬಂದ ಎರಡು ಸಮುದಾಯಗಳು ಇಲ್ಲಿ ಅಕ್ಕಪಕ್ಕದಲ್ಲಿ ಸುಮ್ಮನೆ ಬಾಳಿದುವೆಂದು ಹೇಳುವುದು ಅರೆಸತ್ಯ. ಅನೇಕ ಕಡೆಗಳಲ್ಲಿ ಒಂದರ ಹೆಸರು ಮತ್ತೊಂದರ ವಹಿಯಲ್ಲಿತ್ತು. ಒಂದರ ಉಳಿತಾಯ ಮತ್ತೊಂದರ ಬಾಕಿಯಾಗಿರುವಾಗ, ಎರಡನ್ನೂ ಬೇರೆ ಬೇರೆ ಹುಟ್ಟುಗುಣಗಳ ಫಲವೆಂದು ವರ್ಣಿಸುವುದು ಲೆಕ್ಕಶಾಸ್ತ್ರಕ್ಕೂ ಅಪಚಾರ.

ಇನ್ನು ಪಾದ್ರಿಗಳ ಕೃಪೆಯೆಂಬ ಮಾತು. ಇಟಲಿಯ ಜೆಸುಯಿಟ್ ಪಾದ್ರಿಗಳು ಮಂಗಳೂರಿಗೆ ಬಂದುದು 1878ರ ಕೊನೆಯಲ್ಲಿ. ಸಂತ ಎಲೋಶಿಯಸ್ ಕಾಲೇಜು ತೆರೆದುದು 1880ರಲ್ಲಿ. ಅಂದರೆ ಸೆರೆಯಿಂದ ಮರಳಿ ಬಂದ ಬಳಿಕ 80 ವರುಷಗಳ ಕಾಲ ಒಕ್ಕಲು ಮಕ್ಕಳಿಗೆ ಇಂಥ ಕಾಲೇಜಿನ ಬಾಗಿಲು ಇರಲಿಲ್ಲ. ಬಾಗಿಲು ತೆರೆದಾಗ ಒಳಗೆ ಹೋದವರು ಕ್ರೈಸ್ತರು ಮಾತ್ರವೆ? ಸಾರಸ್ವತರೂ, ಬಂಟರೂ, ಇತರ ಬ್ರಾಹ್ಮಣರೂ ಅದೇ ಬೆಂಚುಗಳಲ್ಲಿ ಕುಳಿತರು. ಹೆಸರಿನಲ್ಲಿ ಬಂಟ್ವಾಳ ಸೀಮೆಯ ಅಮ್ಮೆಂಬಳವನ್ನು ಧರಿಸಿದ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲನ್ನೂ, 1894ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದರು. ರಕ್ತದಲ್ಲಿಯೇ ಎಲ್ಲವೂ ಬರುವುದಾಗಿದ್ದರೆ ಪೈಗಳಿಗೆ ಶಾಲೆ ತೆರೆಯುವ ಶ್ರಮವೇಕೆ? 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ನಿಧಿಯನ್ನು ಸ್ಥಾಪಿಸುವ ಶ್ರಮವೇಕೆ? ತಮ್ಮ ಜನರಲ್ಲಿಯೂ ಉಳಿತಾಯದ ಅಭ್ಯಾಸವನ್ನು ಕಲಿಸಬೇಕಾಗಿದೆಯೆಂದು ಅವರು ಕಂಡುಕೊಂಡಿದ್ದರು. ಕಲಿಸಬೇಕಾದ ವಸ್ತುವು ಹುಟ್ಟಿನಿಂದ ಬರುವುದಲ್ಲ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈಗಳೂ ಜೊತೆಗಾರರೂ ಸ್ಥಾಪಿಸಿದ ಸಿಂಡಿಕೇಟು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಹಣ ಕೂಡಿಸಿತು. ಕ್ರೈಸ್ತರು 1912ರಲ್ಲಿಯೇ ಮಂಗಳೂರಿನಲ್ಲಿ ತಮ್ಮ ಸಹಕಾರಿ ಬ್ಯಾಂಕನ್ನು ಕಟ್ಟಿದ್ದರು. ಅದೇ ವರುಷ ಕನ್ನಡ ಲಿಪಿಯಲ್ಲಿ ‘ಕೊಂಕಣಿ ದಿರ್ವೆಂ’ ಎಂಬ ಪತ್ರಿಕೆಯನ್ನು ಲೂಯಿಸ್ ಮಸ್ಕರೇನ್ಹಸರು ಹೊರಡಿಸಿದರು. ಇಗರ್ಜಿಯ ವಾಳೆವಾಳೆಗಳಲ್ಲಿ ಗುರಿಕಾರನು ಮಾಡುತ್ತಿದ್ದ ಕೆಲಸವೂ, ದೇವಸ್ಥಾನದಲ್ಲಿ ಹತ್ತು ಸಮಸ್ತರು ಮಾಡುತ್ತಿದ್ದ ಕೆಲಸವೂ ಬಹುಮಟ್ಟಿಗೆ ಒಂದೇ. ವಿಶ್ವಾಸವನ್ನು ಕೂಡಿಸುವುದು, ನಾಲ್ಕಾಣೆ ಎಂಟಾಣೆಗಳನ್ನು ಕೂಡಿಸುವುದು, ಕೂಡಿಸಿದುದನ್ನು ಶಾಲೆಗೂ ಸಾಲಕ್ಕೂ ತಿರುಗಿಸುವುದು. ಈ ಕೆಲಸ ಯಾರಿಂದ ನಡೆಯಿತೋ ಅವರು ಮೇಲೆ ಬಂದರು.

ಕೈಗಾರಿಕೆಗೆ ಕ್ರೈಸ್ತರ ಹುಟ್ಟುಗುಣ ಒಗ್ಗದೆಂಬವರು ಪಾಣೆಮಂಗಳೂರಿನ ಹೊಳೆಯ ಮಣ್ಣನ್ನು ನೆನೆಯಬೇಕು. ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆ ತೆರೆದ ಕೆಲವೇ ವರುಷಗಳಲ್ಲಿ, 1868ರಲ್ಲಿ, ಪ್ಯಾಸ್ಕಲ್ ಆಲ್ಬುಕರ್ಕರು ಅಲ್ಲಿ ಹಂಚು ಸುಡತೊಡಗಿದರು. ಬಂಡವಾಳ ದೊರೆತೆಡೆಯಲ್ಲಿ ಒಕ್ಕಲ ಜಾತಿಯೆನಿಸಿದವನು ಕಾರ್ಖಾನೆಯ ಯಜಮಾನನಾದನು. ಸಾರಸ್ವತರಲ್ಲಿ ತಕ್ಕಡಿಯ ಹೊರತು ಬೇರೆ ಕಸುಬಿಲ್ಲವೆಂಬವರು, 1874ರಲ್ಲಿ ಅದೇ ಬಂಟ್ವಾಳದ ಸಾರಸ್ವತ ಮನೆಯೊಂದರಲ್ಲಿ ಹುಟ್ಟಿ, ಉಪಾಧ್ಯಾಯರಾಗಿ, ಕನ್ನಡದ ಮಕ್ಕಳಿಗೆಲ್ಲ ಕಥೆ ಪದ್ಯಗಳನ್ನು ಕೊಟ್ಟ ಪಂಜೆ ಮಂಗೇಶರಾಯರನ್ನು ನೆನೆಯಬೇಕು. ಆ ಹೆಸರಿನಲ್ಲಿರುವ ಮಂಗೇಶನು ಗೋವೆಯ ಕುಶಸ್ಥಳಿಯಿಂದ 1560ರಲ್ಲಿ ಹೊರಡಬೇಕಾದ ದೇವರು. ಅಲ್ಲದೆ ಎಲ್ಲ ಸಾರಸ್ವತರೂ ಧನಿಗಳೆ? ದೇವಸ್ಥಾನದ ಅಡಿಗೆಯಲ್ಲಿ ಬೆವರಿದವರು, ಪರರ ಅಂಗಡಿಯಲ್ಲಿ ಗುಮಾಸ್ತರಾಗಿ ಮುದುಕರಾದವರು, ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದವರು ಯಾವ ಜಾತಿಯವರೆಂದು ಕೇಳಿದರೆ ಉತ್ತರವು ಹುಟ್ಟುಗುಣವಾದಿಗಳಿಗೆ ಹಿತವಾಗಲಾರದು.

1974ನೆಯ ವರುಷವನ್ನು ಇಲ್ಲಿ ಹೇಳಲೇಬೇಕು. ಆ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಕಾನೂನು ಗೇಣಿಯನ್ನು ತೊಡೆದುಹಾಕಿತು. ಗೇಣಿಪದ್ಧತಿಯು ಬೇರೂರಿದ್ದ ಈ ಜಿಲ್ಲೆಯಲ್ಲಿ 7ನೆಯ ನಮೂನೆಯ ಅರ್ಜಿಯನ್ನು ಹಿಡಿದು ಒಕ್ಕಲುಗಳು ಭೂನ್ಯಾಯ ಮಂಡಲಿಯ ಮುಂದೆ ಸಾಲುಗಟ್ಟಿ ನಿಂತರು. ಅವರಲ್ಲಿ ಬೆಳ್ತಂಗಡಿಯ ನಾರಾವಿ, ಮಡಂತ್ಯಾರುಗಳ ಕಡೆಯ, ಬಂಟ್ವಾಳದ ಅಗ್ರಾರ, ಮೊಡಂಕಾಪುಗಳ ಕಡೆಯ, ಮೂಡಬಿದಿರೆಯ ಅಲಂಗಾರಿನ ಕಡೆಯ ಕ್ರೈಸ್ತ ಒಕ್ಕಲುಗಳೂ ಇದ್ದರು. ಅದೇ ವರುಷದ ಮಳೆಗಾಲದಲ್ಲಿ ನೇತ್ರಾವತಿಯು ಉಕ್ಕಿ ಬಂಟ್ವಾಳದ ಪೇಟೆಯನ್ನು ಮುಳುಗಿಸಿತು. 1923ರ ಮಾರಿನೆರೆಯನ್ನು ಕಂಡಿದ್ದ ಮುದುಕರು ಮತ್ತೊಮ್ಮೆ ಅಂಗಡಿಯ ಅಟ್ಟವನ್ನೇರಿದರು. ಒಂದೇ ವರುಷದಲ್ಲಿ ಒಕ್ಕಲಿಗೆ ಭೂಮಿ ಬಂದಿತು, ಅಂಗಡಿಗೆ ಹೊಳೆ ಬಂದಿತು. ಅದಕ್ಕೂ ಮೊದಲೇ ದೋಣಿಯ ಕಾಲ ಮುಗಿದು ಲಾರಿಯ ಕಾಲ ಬಂದಿತ್ತು. ವ್ಯಾಪಾರವು ಹೊಳೆಯ ದಡವನ್ನು ಬಿಟ್ಟು ಹೆದ್ದಾರಿಯ ಕವಲಾದ ಬಿ.ಸಿ. ರೋಡಿಗೆ ಹೋಗತೊಡಗಿತ್ತು. ಹಳೆಯ ಪೇಟೆಯ ಮಕ್ಕಳು ಮಂಗಳೂರಿಗೂ ಮುಂಬಯಿಗೂ ಬೆಂಗಳೂರಿಗೂ ಹೋದರು. ರಕ್ತವು ಅದೇ, ಹೊಳೆಯ ದಾರಿ ಹೋಯಿತು, ಪೇಟೆಯ ವೈಭವ ಹೋಯಿತು. ಒಕ್ಕಲಿನ ರಕ್ತವೂ ಅದೇ. ಭೂಮಿಯ ಹಕ್ಕು ಬಂದಿತು, ಬೆಟ್ಟಿನಲ್ಲಿ ಅಡಕೆತೋಟ ಎದ್ದಿತು, ಮಗನು ಗಲ್ಫಿಗೆ ಹೋಗಿ ಕಳುಹಿದ ಹಣದಿಂದ ಮನೆಗೆ ತಾರಸಿ ಬಂದಿತು. ಹುಟ್ಟುಗುಣವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಖಂಡನೆ ಬೇಕೆ?

ಬೇಕೆಂದಾದರೆ ಅದೂ ಇದೆ. ಗೋವೆಯಿಂದ ಬಂದವರು ಇಬ್ಬರೇ ಅಲ್ಲ. ಕೊಂಕಣಿಯನ್ನೇ ಆಡುವ, ಹೋಳಿಯಲ್ಲಿ ಗುಮಟೆ ಬಾರಿಸಿ ಹಾಡುವ ಕುಡುಬಿಯರೂ ಅಲ್ಲಿಂದಲೇ ಬಂದವರು. ಇವರು ಮೂಡಬಿದಿರೆ ಬಂಟ್ವಾಳಗಳ ಕಾಡಂಚಿನಲ್ಲಿ ಇಂದಿಗೂ ಕಾಣಸಿಗುವರು. ಕುಮರಿ ಬೇಸಾಯವನ್ನೂ ಕಾಚು ತೆಗೆಯುವುದನ್ನೂ ಮಾಡಿ ಬದುಕಿದರು. ಬ್ರಿಟಿಷರ ಕಾಲದ ಅರಣ್ಯ ಕಾನೂನುಗಳು ಕುಮರಿಯನ್ನು ತಡೆದುವು. ಅವರ ಜೀವನವು ಕುಸಿಯಿತು. ಇವರಿಗೆ ಪೇಟೆಯಲ್ಲಿ ನಂಟರಿರಲಿಲ್ಲ, ಹತ್ತು ಸಮಸ್ತರ ಜಾಮೀನಿರಲಿಲ್ಲ, ಇಗರ್ಜಿಯ ಶಾಲೆಯಿರಲಿಲ್ಲ, ಬ್ಯಾಂಕು ಇರಲಿಲ್ಲ. ಅದೇ ಗೋವೆ, ಅದೇ ಕೊಂಕಣಿ. ಸಾರಸ್ವತರಿಗೂ ಕ್ರೈಸ್ತರಿಗೂ ದೊರೆತುದರಲ್ಲಿ ಯಾವುದೂ ಇವರಿಗೆ ದೊರೆಯಲಿಲ್ಲ. ಇವರು ಬಡವರಾಗಿ ಉಳಿದರು. ಊಟದ ಬಳಿಕದ ಮಾತಿನಲ್ಲಿ ಇವರ ಹೆಸರೇ ಬರುವುದಿಲ್ಲ. ಬಂದರೆ ಮುಗ್ಧರು, ಕಾಡುಜನ ಎಂಬ ಎರಡು ಮಾತಿನಲ್ಲಿ ಮುಗಿಯುವುದು. ಹುಟ್ಟುಗುಣವಾದದ ಕ್ರೌರ್ಯ ಕಾಣುವುದು ಇಲ್ಲಿ. ಅದು ಮೇಲೆ ಬಂದವನಿಗೆ ಹೊಗಳಿಕೆಯಾಗಿ, ಬಿದ್ದವನಿಗೆ ಶಾಶ್ವತವಾದ ತೀರ್ಪಾಗಿ ಕೆಲಸ ಮಾಡುತ್ತದೆ.

ಎರಡು ಸಮುದಾಯಗಳ ಸಾಮಾಜಿಕ ಸ್ಥಿತಿಯನ್ನು ಹೋಲಿಸುವಾಗ ಮರೆಮಾಚುವ ಮಾತುಗಳೂ ಉಂಟು. ಕ್ರೈಸ್ತರು ಜಾತಿಯನ್ನು ಗೋವೆಯಲ್ಲಿಯೇ ಬಿಟ್ಟು ಬಂದರೆಂದು ಹೇಳಿಕೊಳ್ಳುವುದುಂಟು. ಬಾಮಣ, ಚಾರಡಿ, ಶೂದಿರ, ಗಾವಡಿ ಎಂಬ ಭೇದಗಳು ಮದುವೆಯ ಮಾತಿನಲ್ಲಿ ತಲೆಯೆತ್ತುತ್ತ ಬಂದುದನ್ನು ಹಿರಿಯರು ಬಲ್ಲರು. ದೋತ್ ಎಂಬ ವರದಕ್ಷಿಣೆಗಾಗಿ ಬೆಟ್ಟುಗದ್ದೆಯ ಒಕ್ಕಲು ಸಾಲ ಮಾಡಿದುದು ಎಷ್ಟೋ ಸಲ. ಸಾರಸ್ವತರಲ್ಲಿ ಹೆಣ್ಣಿನ ಸ್ಥಿತಿಯು ಉತ್ತಮವಾಗಿತ್ತೆ? ಬಾಲವಿಧವೆಯರು ತಲೆ ಬೋಳಿಸಿಕೊಂಡು ಅಡಿಗೆಮನೆಯ ಕತ್ತಲೆಯಲ್ಲಿ ಬಾಳನ್ನು ಸವೆಸಿದ ಮನೆಗಳು ಪೇಟೆಯ ಶ್ರೀಮಂತ ಮನೆಗಳೇ ಆಗಿದ್ದುವು; ವರದಕ್ಷಿಣೆಯೂ ಅಲ್ಲಿ ಕಡಿಮೆಯಿರಲಿಲ್ಲ. ಹಣದಲ್ಲಿ ಹಿಂದಿದ್ದ ಕ್ರೈಸ್ತರ ಹೆಣ್ಣುಮಕ್ಕಳು ಉಪಾಧ್ಯಾಯಿನಿಯರಾಗಿ, ದಾದಿಯರಾಗಿ ಮೊದಲು ಹೊರಗೆ ಬಂದರು. 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದುದು ಇದಕ್ಕೆ ದಾರಿಯಾಯಿತು. ಆರ್ಥಿಕ ಸ್ಥಿತಿಯಲ್ಲಿ ಮುಂದಿರುವವರು ಸಾಮಾಜಿಕ ಸ್ಥಿತಿಯಲ್ಲಿಯೂ ಮುಂದಿರಲೇಬೇಕೆಂಬ ನಿಯಮವಿಲ್ಲ. ಎರಡನ್ನೂ ಒಂದೇ ಕೋಲಿನಿಂದ ಅಳೆದವರು ಎರಡನ್ನೂ ತಪ್ಪಾಗಿ ಅಳೆಯುವರು.

‘ಹಾಗಾದರೆ ಪುರುಷಪ್ರಯತ್ನಕ್ಕೆ ಬೆಲೆಯೇ ಇಲ್ಲವೆ? ಎಲ್ಲವೂ ಸಂದರ್ಭದ ಆಟವೆ?’ ಎಂದು ಯಾರಾದರೂ ಕೇಳಬಹುದು. ಪ್ರಯತ್ನಕ್ಕೆ ಬೆಲೆಯುಂಟು, ಅದನ್ನು ಅಲ್ಲಗಳೆಯುವುದು ಈ ವಾದದ ಉದ್ದೇಶವಲ್ಲ. ಸುಬ್ಬರಾವ್ ಪೈಗಳ ಪ್ರಯತ್ನವೂ, ಹೆಸರಿಲ್ಲದೆ ಬೆಟ್ಟನ್ನು ಮಜಲು ಮಾಡಿದ ಒಕ್ಕಲಿನ ಪ್ರಯತ್ನವೂ ಸಮಾನವಾಗಿ ಗೌರವಾರ್ಹ. ಆದರೆ ಪ್ರಯತ್ನವು ಹಿಡಿದು ನಿಲ್ಲಲು ಒಂದು ಆಧಾರ ಬೇಕು. ಹುಟ್ಟುಗುಣವೆಂಬ ಮಾತೇ ಪ್ರಯತ್ನಕ್ಕೆ ಅವಮಾನ. ರಕ್ತವೇ ಎಲ್ಲವನ್ನೂ ಮಾಡಿತೆಂದರೆ ಮನುಷ್ಯನು ಮಾಡಿದುದೇನು?

ಈ ವಿಚಾರವು ಹಳೆಯ ಕಾಲದ ಜಿಜ್ಞಾಸೆಯೆಂದು ತಳ್ಳಿಹಾಕುವಂತಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತಿರುವಾಂಕೂರಿನ ಕಡೆಯಿಂದ ಸಿರಿಯನ್ ಕ್ರೈಸ್ತ ಕೃಷಿಕರು ಬೆಳ್ತಂಗಡಿಯ ಮಲೆಗಳಿಗೆ ಬಂದಾಗ ಅವರ ಹುಟ್ಟುಗುಣದ ಬಗ್ಗೆಯೂ ಮಾತುಗಳು ಹುಟ್ಟಿದುವು. ಅವರು ರಬ್ಬರು, ಮೆಣಸು, ಮರಗೆಣಸುಗಳನ್ನು ಬೆಳೆದು ನೆಲೆನಿಂತ ಮೇಲೆ, 1999ರಲ್ಲಿ ಬೆಳ್ತಂಗಡಿಯೇ ಒಂದು ಧರ್ಮಪ್ರಾಂತದ ಕೇಂದ್ರವಾದ ಮೇಲೆ, ಆ ಮಾತುಗಳು ಹೊಗಳಿಕೆಯಾಗಿ ತಿರುಗಿದುವು. ಈಗ ಬಿ.ಸಿ. ರೋಡಿನ ಕಟ್ಟಡಗಳಲ್ಲಿಯೂ ಸುತ್ತಲಿನ ಅಡಕೆತೋಟಗಳಲ್ಲಿಯೂ ಒರಿಸ್ಸಾ, ಬಿಹಾರ, ಬಂಗಾಳ, ಅಸ್ಸಾಮುಗಳಿಂದ ಬಂದ ತರುಣರು ಕೆಲಸ ಮಾಡುತ್ತಿದ್ದಾರೆ. ಅವರ ವಿಷಯದಲ್ಲಿ ಇಂದು ಪೇಟೆಯಲ್ಲಿ ಆಡುವ ಮಾತನ್ನು ಕೇಳಬೇಕು: ಅವರು ಹುಟ್ಟಿನ ಕೊಳಕರು, ಹುಟ್ಟಿನ ಕುಡುಕರು, ನಂಬಿಕೆಗೆ ಅರ್ಹರಲ್ಲ. ಒಂದು ಕೋಣೆಯಲ್ಲಿ ಹತ್ತು ಮಂದಿಯನ್ನು ಮಲಗಿಸಿ ಬಾಡಿಗೆ ತೆಗೆಯುವವನು ಕೊಳಕನ್ನು ಅವರ ರಕ್ತದಲ್ಲಿ ಕಾಣುವನು. ಈ ಮಾತನ್ನು ಆಡುವವರಲ್ಲಿ ಗೋವೆಯಿಂದ ಬಂದವರ ಮೊಮ್ಮಕ್ಕಳೂ ಇದ್ದಾರೆಂಬುದು ದುಃಖದ ಸಂಗತಿ. ವಲಸೆ ಬಂದವನಿಗೆ ಮೊದಲ ತಲೆಮಾರಿನಲ್ಲಿ ದೊರೆಯುವ ನೆಲ, ಸಾಲ, ಶಾಲೆಗಳೇ ಮುಂದಿನ ತಲೆಮಾರುಗಳ ಗುಣವೆನಿಸಿಕೊಳ್ಳುವುವೆಂಬುದನ್ನು ತಮ್ಮ ಮನೆಯ ಕಥೆಯಿಂದಲೇ ಕಲಿಯಬಹುದಾದವರು ಅವರು.

ಆದುದರಿಂದ ಜಿಲ್ಲೆಯ ಸಾಹಿತ್ಯಸಂಘಗಳು ಮಾಡಬೇಕಾದ ಕೆಲಸವೊಂದುಂಟು. ಬಂಟ್ವಾಳದ ಹಳೆಯ ಅಂಗಡಿಗಳ ಅಟ್ಟದಲ್ಲಿ ಎರಡು ನೆರೆಗಳನ್ನು ದಾಟಿ ಉಳಿದ ವಹಿಗಳಿರಬಹುದು. ಇಗರ್ಜಿಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳ ಪುಸ್ತಕಗಳಿವೆ. ಒಕ್ಕಲು ಮನೆಗಳ ಪೆಟ್ಟಿಗೆಗಳಲ್ಲಿ ಗೇಣಿಚೀಟುಗಳೂ, 7ನೆಯ ನಮೂನೆಯ ನಕಲುಗಳೂ ಇವೆ. ಗೆದ್ದಲು ಇವುಗಳಿಗೆ ಜಾತಿಭೇದವಿಲ್ಲದೆ ಹತ್ತುತ್ತಿದೆ. ಎರಡು ಸಮುದಾಯಗಳೂ ತಮ್ಮ ತಮ್ಮ ಇತಿಹಾಸವನ್ನು ಬೇರೆ ಬೇರೆ ಸ್ಮರಣಸಂಚಿಕೆಗಳಲ್ಲಿ, ಬೇರೆ ಬೇರೆ ಜಯಂತಿಗಳಿಗಾಗಿ ಬರೆಸುತ್ತಿವೆ. ಒಂದರಲ್ಲಿ ವಹಿಯ ಸಾಲಗಾರನಿಲ್ಲ, ಮತ್ತೊಂದರಲ್ಲಿ ವಹಿಯ ಧನಿಯಿಲ್ಲ, ಎರಡರಲ್ಲಿಯೂ ಕುಡುಬಿಯಿಲ್ಲ. ಇವುಗಳನ್ನು ಒಂದೆಡೆ ಕೂಡಿಸಿ, ಅಂಗಡಿಯ ವಹಿಯ ಪಕ್ಕದಲ್ಲಿ ಗೇಣಿಚೀಟನ್ನಿಟ್ಟು, ಒಂದೇ ಮನೆಯ ಹೆಸರನ್ನು ಎರಡರಲ್ಲಿಯೂ ಹುಡುಕುವ ವಿದ್ಯಾರ್ಥಿಗಳು ಬೇಕಾಗಿದ್ದಾರೆ. ಆ ಕೆಲಸ ನಡೆಯುವ ತನಕ, ಎಲೆಯಡಿಕೆಯ ತಟ್ಟೆಯ ಮುಂದೆ ಹುಟ್ಟುಗುಣದ ಮಾತು ಬಂದಾಗ, ತಲೆದೂಗುವ ಬದಲು ವಹಿಯನ್ನು ತೋರಿಸಿರೆಂದು ಕೇಳುವವನು ಪ್ರತಿ ಮನೆಯಲ್ಲಿ ಒಬ್ಬನಾದರೂ ಇರಲಿ.